ಕೈಗವಸು ಬಿಚ್ಚಿಟ್ಟ ಮೇಲೆ ಪೈಲ್ವಾನ ಎಲ್ಲಿಗೆ ಹೋಗುತ್ತಾನೆ?

ಹುಡುಗ ಫೋನ್ ಕೊಟ್ಟ. ಉಸ್ತಾದರು ಕನ್ನಡಕ ಹಾಕಿಕೊಂಡು, ಫೋನನ್ನು ಕೈಯಳತೆ ದೂರ ಹಿಡಿದು ನೋಡಿದರು. ಪರದೆಯ ಮೇಲೆ ರಷ್ಯಾದ ಫೈಟರ್ ಖಬೀಬ್ ನುರ್ಮಗೊಮೆದೋವ್ ಎದುರಾಳಿಯ ಸೊಂಟಕ್ಕೆ ಕೈ ಹಾಕಿ, ಅಂಕಣದ ಸುತ್ತ ಕಟ್ಟಿದ ಬಲೆಗೆ ಒತ್ತುತ್ತಿದ್ದ. ಹುಡುಗ ಪಟ್ಟಿನ ಬಗ್ಗೆ ಏನೋ ಹೇಳಲು ಹೊರಟಿದ್ದ. ಉಸ್ತಾದರು ತಡೆದರು. "ಮೊದ್ಲು ಇವನ ಕಿವಿ ನೋಡ್ಲಾ. ಚಿಕ್ಕಂದಿನಿಂದ ಕುಸ್ತಿ ಮಾಡಿದೋನ ಕಿವಿ ಇದು."

ಇದು ನಜರ್‌ಬಾದಿನಲ್ಲಿ ನಮ್ಮ ಬೀದಿಯ ಹಿಂದಿನ ಗರಡಿ ಮನೆ. ಬಾಗಿಲು ಗಿಡ್ಡ, ಎಂಥವನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಉಸ್ತಾದರ ಎಡಗಿವಿಯೂ ಹಾಗೇ ಇದೆ. ಮಡಚಿ, ಗಂಟು ಕಟ್ಟಿ, ಕಲ್ಲಿನಂತಾಗಿದೆ. ಕುಸ್ತಿಯಲ್ಲಿ ಕಿವಿ ಉಜ್ಜಿ ಉಜ್ಜಿ, ಚರ್ಮಕ್ಕೂ ಒಳಗಿನ ಮೃದು ಎಲುಬಿಗೂ ನಡುವೆ ರಕ್ತ ನಿಲ್ಲುತ್ತದೆ. ಸಮಯಕ್ಕೆ ತೆಗೆಸದಿದ್ದರೆ ಅದು ಹಾಗೇ ಗಟ್ಟಿಯಾಗುತ್ತದೆ. ಇದಕ್ಕೆ ನಮ್ಮಲ್ಲಿ ಮುರಿದ ಕಿವಿ ಅನ್ನುತ್ತಾರೆ. ಅದು ಮತ್ತೆ ಸರಿಹೋಗುವುದಿಲ್ಲ.

ಆ ಹುಡುಗನಿಗೆ ಹತ್ತೊಂಬತ್ತು. ಮೂರು ವರ್ಷದಿಂದ ಇಲ್ಲೇ ಸಾಮು ಮಾಡುತ್ತಿದ್ದಾನೆ. ಈಗ ಸಂಜೆ ಹೊತ್ತು ಬೇರೆ ಕಡೆ ಎಂಎಂಎ ಕಲಿಯಲು ಹೋಗುತ್ತಾನೆ. ಎಂಎಂಎ ಅಂದರೆ ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್. ಗುದ್ದು, ಒದೆ, ಕುಸ್ತಿ, ಕತ್ತು ಹಿಡಿಯುವುದು, ಕೈಕಾಲು ತಿರುಚುವುದು, ಎಲ್ಲವೂ ಒಂದೇ ಪಂದ್ಯದಲ್ಲಿ. ನಮ್ಮೂರಲ್ಲಿ ಇವನೊಬ್ಬನೇ ಅಲ್ಲ. ಗರಡಿಗೆ ಬರುವ ಹುಡುಗರು ಕಡಿಮೆಯಾಗುತ್ತಿದ್ದಾರೆ, ಎಂಎಂಎ ಜಿಮ್ಮಿಗೆ ಹೋಗುವವರು ಜಾಸ್ತಿಯಾಗುತ್ತಿದ್ದಾರೆ. ಮನೆಯವರು ಕೇಳುವುದು ಫೀಸು ಎಷ್ಟು, ಏಟು ಬೀಳುತ್ತಾ ಎಂಬ ಎರಡು ಪ್ರಶ್ನೆ. ಮೂರನೆಯದನ್ನು ಯಾರೂ ಕೇಳುವುದಿಲ್ಲ. ಮೂವತ್ತೆರಡು, ಮೂವತ್ತೈದು ವರ್ಷಕ್ಕೆ ಮೈ ಸೋತಾಗ ಇವನು ಎಲ್ಲಿಗೆ ಹೋಗಬೇಕು?

ಆ ಪ್ರಶ್ನೆಗೆ ಉತ್ತರ ಹುಡುಕಲು ಖಬೀಬನ ವೃತ್ತಿಯನ್ನೇ ನೋಡುವುದು ಒಳ್ಳೆಯದು. ಹುಡುಗರ ಫೋನಿನಲ್ಲಿರುವುದು ಅವನೇ. ಅವನು ಗೆದ್ದ ರೀತಿ ಎಲ್ಲರಿಗೂ ಗೊತ್ತು. ಬಿಟ್ಟ ರೀತಿಯ ಬಗ್ಗೆ ಅಷ್ಟು ಮಾತಿಲ್ಲ.

ಖಬೀಬ್ ಹುಟ್ಟಿದ್ದು 1988ರ ಸೆಪ್ಟೆಂಬರ್ 20ರಂದು, ಡಾಗೆಸ್ತಾನದ ಸಿಲ್ದಿ ಎಂಬ ಬೆಟ್ಟದ ಹಳ್ಳಿಯಲ್ಲಿ. ಡಾಗೆಸ್ತಾನ್ ರಷ್ಯಾದೊಳಗಿನ ಒಂದು ಗಣರಾಜ್ಯ, ಕ್ಯಾಸ್ಪಿಯನ್ ಸಮುದ್ರದ ಪಕ್ಕದಲ್ಲಿದೆ. ಜನಸಂಖ್ಯೆ ಮೂವತ್ತು ಲಕ್ಷ ಚಿಲ್ಲರೆ. 2011ರ ಜನಗಣತಿಯಲ್ಲಿ ನಮ್ಮ ಮೈಸೂರು ಜಿಲ್ಲೆಯದ್ದೂ ಮೂವತ್ತು ಲಕ್ಷ. ಅಷ್ಟು ಸಣ್ಣ ಜಾಗದಿಂದ ಒಲಿಂಪಿಕ್ ಕುಸ್ತಿ ಪದಕಗಳು ಸಾಲುಸಾಲಾಗಿ ಬಂದಿವೆ. ಅಲ್ಲಿ ಹುಡುಗ ಕುಸ್ತಿಗೆ ಹೋಗುವುದು ನಮ್ಮಲ್ಲಿ ಮಕ್ಕಳು ಬ್ಯಾಟು ಹಿಡಿಯುವಷ್ಟೇ ಸಹಜ.

ಅವನ ಅಪ್ಪ ಅಬ್ದುಲ್ಮನಾಪ್ ಸೈನ್ಯದಲ್ಲಿದ್ದವರು. ಕುಸ್ತಿ, ಜೂಡೋ, ರಷ್ಯಾದ ಕುಸ್ತಿಯಂಥ ಸಾಂಬೊ, ಮೂರೂ ಬಲ್ಲವರು. ಮನೆಯ ಕೆಳಮಹಡಿಯನ್ನೇ ಜಿಮ್ ಮಾಡಿ ಊರ ಹುಡುಗರಿಗೆ ಹೇಳಿಕೊಡುತ್ತಿದ್ದರು. ಇದನ್ನು ಓದಿದಾಗ ನನಗೆ ಗರಡಿ ಮನೆ ಕಣ್ಣಮುಂದೆ ಬಂತು. ಅಪ್ಪನೇ ಉಸ್ತಾದ್, ಮನೆಯೇ ಗರಡಿ. ಸಿನಿಮಾ ಹಾಡು ಹಾಕಿಕೊಂಡು ಕನ್ನಡಿ ಮುಂದೆ ಬೆವರಿಳಿಸುವ ಜಿಮ್ಮಿಗೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಇಲ್ಲಿ ಹಿರಿಯನೊಬ್ಬ ಪ್ರತಿದಿನ ನಿನ್ನನ್ನು ನೋಡುತ್ತಾನೆ. ನೀನು ಕುಂಟಿದರೆ ಅವನಿಗೆ ಗೊತ್ತಾಗುತ್ತದೆ.

2008ರಲ್ಲಿ ವೃತ್ತಿಪರ ಪಂದ್ಯ ಶುರು ಮಾಡಿದ ಖಬೀಬ್ 2012ರ ಜನವರಿಯಲ್ಲಿ ಎಂಎಂಎ ಪಂದ್ಯ ನಡೆಸುವ ಅತಿ ದೊಡ್ಡ ಸಂಸ್ಥೆಯಾದ ಅಮೆರಿಕದ ಯುಎಫ್‌ಸಿಗೆ ಬಂದ. 2013ರ ಮೇ ತಿಂಗಳಲ್ಲಿ ಏಬಲ್ ಟ್ರುಹಿಯೊ ಎಂಬುವನನ್ನು ಒಂದೇ ಪಂದ್ಯದಲ್ಲಿ 21 ಸಲ ಕೆಡವಿದ. ಹದಿನೈದು ನಿಮಿಷದ ಪಂದ್ಯ ಅದು. ಅಂದರೆ ಮುಕ್ಕಾಲು ನಿಮಿಷಕ್ಕೊಮ್ಮೆ ಎತ್ತಿ ಹಾಕಿದ್ದಾನೆ. ಕುಸ್ತಿ ಆಡಿದವರಿಗೆ ಇದರ ಬೆಲೆ ಗೊತ್ತು. ಒಬ್ಬ ಗಟ್ಟಿ ಆಳನ್ನು ಒಮ್ಮೆ ಎತ್ತಿ ಕೆಡವಿದರೇ ಉಸಿರು ಕಟ್ಟುತ್ತದೆ.

ಅವನ ಆಟ ಹೇಗಿತ್ತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಿಟ್ಟುಹೋದ ಕಥೆಗೂ ಇದಕ್ಕೂ ನೇರ ಸಂಬಂಧವಿದೆ. ನಮ್ಮ ನಾಡಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿತೋ, ಚಿತ್. ಪಂದ್ಯ ಮುಗಿಯಿತು, ಎದ್ದು ಕೈ ಕೊಟ್ಟು ಹೋಗುತ್ತಾರೆ. ಎಂಎಂಎನಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೆಯೇ ಪಂದ್ಯದ ಇನ್ನರ್ಧ ಶುರುವಾಗುವುದು. ಖಬೀಬ್ ಎದುರಾಳಿಯನ್ನು ಬಲೆಯ ಬುಡಕ್ಕೆ ಒತ್ತಿ, ಕಾಲು ಸುತ್ತಿ ಕೂರಿಸುತ್ತಿದ್ದ. ಎದುರಾಳಿ ಏಳಲು ಕೈ ಊರಿದ ಕೂಡಲೇ ಆ ಮಣಿಕಟ್ಟನ್ನು ಬೆನ್ನ ಹಿಂದಿನಿಂದ ಹಿಡಿದು ಎಳೆಯುತ್ತಿದ್ದ. ಊರಿದ ಕೈ ಹೋದ ಮೇಲೆ ಏಳುವುದು ಹೇಗೆ? ಇನ್ನೊಂದು ಕೈಯಲ್ಲಿ ಗುದ್ದುತ್ತಿದ್ದ, ಇಲ್ಲವೇ ಕತ್ತಿಗೆ ಬರುತ್ತಿದ್ದ.

ಇದರಿಂದ ಇನ್ನೊಂದು ಲಾಭವಾಯಿತು. ಎದುರಾಳಿ ಕೆಳಗಿದ್ದರೆ ಅವನ ಗುದ್ದಿಗೆ ಬಲ ಬರುವುದಿಲ್ಲ. ನಿಂತು ಬಡಿದಾಡುವವನಿಗೆ ಬೀಳುವಷ್ಟು ಏಟು ಖಬೀಬನ ತಲೆಗೆ ಬೀಳಲಿಲ್ಲ. ಅವನ 29 ಗೆಲುವಿನಲ್ಲಿ 11 ಹಿಡಿತದಿಂದ ಬಂದವು, 8 ಬಡಿದು ಗೆದ್ದವು, 10 ತೀರ್ಪಿನಿಂದ. ಸೋಲು ಸೊನ್ನೆ. ಒಂಬತ್ತು ವರ್ಷ ಅತಿ ದೊಡ್ಡ ವೇದಿಕೆಯಲ್ಲಿದ್ದೂ ತಲೆ ಉಳಿಸಿಕೊಂಡು ಹೊರಬಂದ ಅಂದರೆ, ಅದಕ್ಕೆ ಮೊದಲ ಕಾರಣ ಕುಸ್ತಿ. ಗರಡಿ ಬಿಟ್ಟು ಬರೀ ಗುದ್ದು ಕಲಿಯಲು ಓಡುವ ಹುಡುಗರಿಗೆ ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಹಾಗಂತ ಅವನ ಮೈಗೆ ಏನೂ ಆಗಲಿಲ್ಲ ಅಂತಲ್ಲ. ಮಂಡಿ ಕೆಟ್ಟು 2014ರ ಏಪ್ರಿಲ್‌ನಿಂದ 2016ರ ಏಪ್ರಿಲ್‌ವರೆಗೆ ಎರಡು ವರ್ಷ ಪಂದ್ಯವೇ ಇಲ್ಲ. 2017ರ ಮಾರ್ಚ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಪಂದ್ಯದ ಹಿಂದಿನ ದಿನ ಆಸ್ಪತ್ರೆ ಸೇರಿದ. ಕಾರಣ ಏಟಲ್ಲ, ತೂಕ.

ಈ ತೂಕದ ವಿಷಯ ನಮ್ಮ ಹುಡುಗರಿಗೆ ಸರಿಯಾಗಿ ಗೊತ್ತಿರುವುದಿಲ್ಲ. ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ದಿನ ಪೈಲ್ವಾನರು ಬಂದು ಸೇರುತ್ತಾರೆ. ತೂಕ, ವಯಸ್ಸು, ಅನುಭವ ನೋಡಿ ಹಿರಿಯರು ಜೋಡಿ ಮಾಡುತ್ತಾರೆ. ಹಾಲು, ಬಾದಾಮಿ, ಮುದ್ದೆ ತಿಂದು ಮೈ ತುಂಬಿಸಿಕೊಳ್ಳುವುದು ಪೈಲ್ವಾನಿಕೆಯ ಒಂದು ಭಾಗ. ಎಂಎಂಎನಲ್ಲಿ ನಡೆಯುವುದು ಇದಕ್ಕೆ ಉಲ್ಟಾ. ಖಬೀಬ್ ಆಡುತ್ತಿದ್ದ ಲೈಟ್‌ವೇಟ್ ವಿಭಾಗದ ಮಿತಿ 155 ಪೌಂಡ್, ಅಂದರೆ 70.3 ಕಿಲೋ. ಅವನ ಸಹಜ ತೂಕ ಎಂಬತ್ತು ಕಿಲೋ ಮೇಲೆ. ಕೊನೆಯ ಕೆಲವು ದಿನಗಳಲ್ಲಿ ಉಪ್ಪು ಬಿಟ್ಟು, ನೀರು ಬಿಟ್ಟು, ಬಿಸಿನೀರಿನ ತೊಟ್ಟಿಯಲ್ಲಿ ಕೂತು, ಕಂಬಳಿ ಸುತ್ತಿಕೊಂಡು ಬೆವರು ಹರಿಸುತ್ತಾರೆ. ಇಳಿಯುವುದು ಕೊಬ್ಬಲ್ಲ, ಮೈಯಲ್ಲಿರುವ ನೀರು. ತೂಕ ಕೊಟ್ಟ ಮೇಲೆ ಒಂದು ದಿನದೊಳಗೆ ಮತ್ತೆ ಕುಡಿದು ತಿಂದು ಹತ್ತು ಕಿಲೋ ಏರಿಸಿಕೊಂಡು ಒಳಗೆ ಹೋಗುತ್ತಾರೆ. ಮೂತ್ರಪಿಂಡಕ್ಕೆ ಇದು ದೊಡ್ಡ ಹೊಡೆತ. 2015ರ ಡಿಸೆಂಬರ್‌ನಲ್ಲಿ ಮನಿಲಾದಲ್ಲಿ ಯಾಂಗ್ ಜಿಯಾನ್ ಬಿಂಗ್ ಎಂಬ ಚೀನಾದ ಫೈಟರ್ ತೂಕ ಇಳಿಸುವಾಗಲೇ ಕುಸಿದು ತೀರಿಕೊಂಡ. ಆಮೇಲೆ ಅವನು ಆಡುತ್ತಿದ್ದ ಒನ್ ಚಾಂಪಿಯನ್‌ಶಿಪ್ ಎಂಬ ಸಂಸ್ಥೆ ನಿಯಮವನ್ನೇ ಬದಲಿಸಿತು. ಈಗ ಅಲ್ಲಿ ತೂಕದ ಜೊತೆ ಮೈಯಲ್ಲಿ ನೀರಿನಂಶ ಸರಿಯಾಗಿದೆಯಾ ಎಂಬ ಪರೀಕ್ಷೆಯೂ ಇದೆ. ಯುಎಫ್‌ಸಿಯಲ್ಲಿ ಇವತ್ತಿಗೂ ಹಳೇ ಪದ್ಧತಿಯೇ.

ಖಬೀಬ್ 2018ರ ಏಪ್ರಿಲ್‌ನಲ್ಲಿ ಚಾಂಪಿಯನ್ ಆದ. ಅದೇ ಅಕ್ಟೋಬರ್ 6ರಂದು ಕಾನರ್ ಮೆಕ್‌ಗ್ರೆಗರ್‌ನನ್ನು ನಾಲ್ಕನೇ ಸುತ್ತಿನಲ್ಲಿ ಕತ್ತು ಹಿಡಿದು ಸೋಲಿಸಿದ. ಅದಾದ ಮೇಲೆ ಬಲೆ ಹಾರಿ ಎದುರಾಳಿ ತಂಡದ ಮೇಲೆ ಎಗರಿದ. ಒಂಬತ್ತು ತಿಂಗಳ ನಿಷೇಧ, 5 ಲಕ್ಷ ಡಾಲರ್ ದಂಡ ಬಿತ್ತು. ಹುಡುಗರು ಆ ವಿಡಿಯೊವನ್ನು ಹೆಮ್ಮೆಯಿಂದ ತೋರಿಸುತ್ತಾರೆ. ನನಗೆ ಅದು ಅವನ ವೃತ್ತಿಯ ಅತಿ ಕೆಟ್ಟ ಗಳಿಗೆ.

ಅತಿ ಒಳ್ಳೆಯ ಗಳಿಗೆ 2020ರ ಅಕ್ಟೋಬರ್ 24ರಂದು ಬಂತು. ಅದೇ ವರ್ಷ ಜುಲೈನಲ್ಲಿ ಅಬ್ದುಲ್ಮನಾಪ್ ಕೋವಿಡ್ ನಂತರದ ತೊಂದರೆಗಳಿಂದ ತೀರಿಕೊಂಡಿದ್ದರು. ಮೂರು ತಿಂಗಳ ಮೇಲೆ ಅಬುಧಾಬಿಯಲ್ಲಿ ಜಸ್ಟಿನ್ ಗೇಥ್ಜಿ ಜೊತೆ ಪಂದ್ಯ. ಕಾಲ್ಬೆರಳು ಮುರಿದುಕೊಂಡೇ ಖಬೀಬ್ ಒಳಗೆ ಹೋದ. ಎರಡನೇ ಸುತ್ತಿನಲ್ಲಿ ಕಾಲುಗಳಲ್ಲೇ ಕತ್ತು ಬಿಗಿದು ಗೆದ್ದ. ಗೆದ್ದವನು ಕೂಗಲಿಲ್ಲ. ನೆಲಕ್ಕೆ ಬಿದ್ದು ಅತ್ತ. ಕೈಗವಸು ಬಿಚ್ಚಿ ನಡುವೆ ಇಟ್ಟ. ತಾಯಿಗೆ ಮಾತು ಕೊಟ್ಟಿದ್ದೇನೆ, ಅಪ್ಪ ಇಲ್ಲದೆ ಆಡುವುದಿಲ್ಲ, ಇದೇ ಕೊನೆ ಎಂದು ಹೇಳಿದ. ವಯಸ್ಸು ಇನ್ನೂ 32.

ಅವನ ಅಪ್ಪನಿಗೆ ಒಂದು ಆಸೆ ಇತ್ತು. ಮಗ 30 ಗೆದ್ದು ನಿಲ್ಲಬೇಕು, ಕೊನೆಯ ಪಂದ್ಯ ಕೆನಡಾದ ಜಾರ್ಜ್ ಸೇಂಟ್ ಪಿಯೆರ್ ಜೊತೆ ಆಗಬೇಕು ಅಂತ. ಸಂಸ್ಥೆಯವರು ತಿಂಗಳುಗಟ್ಟಲೆ ಮನವೊಲಿಸಿದರು, ಇನ್ನೊಂದೇ ಒಂದು ಆಡು ಅಂದರು. ಕೋಟಿಗಟ್ಟಲೆ ದುಡ್ಡು ಎದುರಿಗಿತ್ತು. 2021ರ ಮಾರ್ಚ್‌ನಲ್ಲಿ ಇಲ್ಲ ಅಂತ ಕೊನೆಯ ಮಾತು ಹೇಳಿ ಚಾಂಪಿಯನ್ ಬೆಲ್ಟ್ ಬಿಟ್ಟುಕೊಟ್ಟ. ಅಪ್ಪನ ಲೆಕ್ಕಕ್ಕೆ ಒಂದು ಕಡಿಮೆ, ತಾಯಿಗೆ ಕೊಟ್ಟ ಮಾತಿಗೆ ಒಂದೂ ಕಡಿಮೆ ಇಲ್ಲ.

ಅಲ್ಲಿಂದ ಮುಂದೆ ಖಬೀಬ್ ಉಸ್ತಾದನಾದ. ಅಪ್ಪನ ಹುಡುಗರನ್ನು ತಾನು ಹೊತ್ತುಕೊಂಡ. ಚಿಕ್ಕಂದಿನ ಜೊತೆಗಾರ ಇಸ್ಲಾಂ ಮಖಚೆವ್ 2022ರ ಅಕ್ಟೋಬರ್‌ನಲ್ಲಿ ಅದೇ ಅಬುಧಾಬಿಯಲ್ಲಿ ಅದೇ ಬೆಲ್ಟ್ ಗೆದ್ದಾಗ, ಹೇಳಿಕೊಡುವವರು ನಿಲ್ಲುವ ಮೂಲೆಯಲ್ಲಿ ನಿಂತವನು ಖಬೀಬ್. ಮರು ತಿಂಗಳು ಸೋದರ ಸಂಬಂಧಿ ಉಸ್ಮಾನ್ ಇನ್ನೊಂದು ಸಂಸ್ಥೆಯ ಬೆಲ್ಟ್ ಗೆದ್ದ. ಹೀಗೆ ಅವನು ಆಟ ಬಿಟ್ಟರೂ ಹೋಗಲು ಒಂದು ಮನೆ ಇತ್ತು. ಬೆಳಗ್ಗೆ ಎದ್ದರೆ ಮಾಡಲು ಕೆಲಸ ಇತ್ತು. ದುಡ್ಡೂ ಇತ್ತು ಅನ್ನುವುದು ನಿಜ. ಆದರೆ ದುಡ್ಡಿದ್ದೂ ಬಿಡಲಾರದೆ ಕೆಟ್ಟವರು ಈ ಆಟದಲ್ಲಿ ತುಂಬಾ ಜನ.

ಬಿ.ಜೆ. ಪೆನ್ ಎರಡು ತೂಕದಲ್ಲಿ ಚಾಂಪಿಯನ್ ಆಗಿದ್ದವನು. ಕೊನೆಯ ಏಳು ಪಂದ್ಯ ಸತತವಾಗಿ ಸೋತ, ನಲವತ್ತು ವರ್ಷದವರೆಗೆ ಆಡಿದ. ಚಕ್ ಲಿಡೆಲ್ ಒಂದು ಕಾಲಕ್ಕೆ ಯುಎಫ್‌ಸಿಯ ಅತಿ ದೊಡ್ಡ ಹೆಸರು. ಸತತ ಮೂರು ಸಲ ಗುದ್ದು ತಿಂದು ಬಿದ್ದು ಸೋತ ಮೇಲೆ 2010ರಲ್ಲಿ ನಿಲ್ಲಿಸಿದ. ಎಂಟು ವರ್ಷ ಬಿಟ್ಟು, 48ನೇ ವಯಸ್ಸಿನಲ್ಲಿ ಮತ್ತೆ ಬಂದು ಮೊದಲ ಸುತ್ತಿನಲ್ಲೇ ಬಿದ್ದ. ಮೈಕಲ್ ಬಿಸ್ಪಿಂಗ್ 2013ರ ಪಂದ್ಯದಲ್ಲಿ ಬಲಗಣ್ಣಿನ ಒಳಪದರ ಹರಿದುಕೊಂಡ. ಆ ಕಣ್ಣು ಹೋಯಿತು. ಅದನ್ನು ಮುಚ್ಚಿಟ್ಟು ಇನ್ನೂ ನಾಲ್ಕು ವರ್ಷ ಆಡಿದ, 2016ರಲ್ಲಿ ಒಂದೇ ಕಣ್ಣಿನಲ್ಲಿ ಚಾಂಪಿಯನ್ ಕೂಡ ಆದ. ಅದನ್ನು ಸಾಹಸ ಅನ್ನುವವರಿದ್ದಾರೆ. ಒಂದು ಕಣ್ಣಿಲ್ಲದವನನ್ನು ವರ್ಷಗಟ್ಟಲೆ ಬಲೆಯೊಳಗೆ ಬಿಟ್ಟ ವ್ಯವಸ್ಥೆಯ ಬಗ್ಗೆ ನನಗೆ ಸಿಟ್ಟು ಬರುತ್ತದೆ. ಅವನು ಈಗ ವೀಕ್ಷಕ ವಿವರಣೆಗಾರ. ಮಾತಿನ ಬಲ ಇದ್ದದ್ದರಿಂದ ಬದುಕಿಕೊಂಡ.

ಸ್ಪೆನ್ಸರ್ ಫಿಶರ್‌ಗೆ ಅದೂ ಇರಲಿಲ್ಲ. 2012ರಲ್ಲಿ ಕೊನೆಯ ಪಂದ್ಯ ಆಡಿದ ಅವನ ಮೆದುಳಿನ ಸ್ಕ್ಯಾನ್‌ನಲ್ಲಿ ಗಾಯದ ಗುರುತುಗಳು ಕಂಡವು. ಮುಂದೆ ಆಡಬಾರದು ಅಂದರು. 2021ರಲ್ಲಿ ಅವನು ತನ್ನ ಮರೆವು, ಮನಸ್ಸಿನ ಕುಸಿತದ ಬಗ್ಗೆ ಬಾಯಿಬಿಟ್ಟು ಹೇಳಿದಾಗ ಈ ಆಟ ನೋಡುವ ನಮ್ಮಂಥವರಿಗೆ ಊಟ ಸೇರಲಿಲ್ಲ.

ಯಾಕೆ ಬಿಡಲು ಆಗುವುದಿಲ್ಲ? ದುಡ್ಡಿನ ಲೆಕ್ಕ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಯುಎಫ್‌ಸಿಯಲ್ಲಿ ಹೊಸಬನಿಗೆ ಸಾಮಾನ್ಯವಾಗಿ ಆಡಿದ್ದಕ್ಕೆ 12,000 ಡಾಲರ್, ಗೆದ್ದರೆ ಇನ್ನೊಂದು 12,000. ಸೋತರೆ ಅರ್ಧ, ಸುಮಾರು 10 ಲಕ್ಷ ರೂಪಾಯಿ. ವರ್ಷಕ್ಕೆ ಎರಡೋ ಮೂರೋ ಪಂದ್ಯ. ಕೋಚ್, ಮ್ಯಾನೇಜರ್, ಜಿಮ್, ತರಬೇತಿ ಜೊತೆಗಾರರು, ತೆರಿಗೆ, ಎಲ್ಲರೂ ಅದರಲ್ಲೇ ಪಾಲು. ಅದೂ ಜಗತ್ತಿನ ಅತಿ ದೊಡ್ಡ ವೇದಿಕೆಯ ಮಾತು. ಅಲ್ಲಿಗೆ ತಲುಪುವವರು ಬೆರಳೆಣಿಕೆ.

ಅವರು ಸಂಸ್ಥೆಯ ನೌಕರರೂ ಅಲ್ಲ, ಗುತ್ತಿಗೆದಾರರು. ಪಿಎಫ್, ಪಿಂಚಣಿ ಅನ್ನುವ ಮಾತೇ ಇಲ್ಲ. ತರಬೇತಿಯಲ್ಲಾದ ಗಾಯಕ್ಕೆ ವಿಮೆ ಬಂದದ್ದೇ 2011ರಲ್ಲಿ. ತಮ್ಮ ಕೂಲಿಯನ್ನು ಕೃತಕವಾಗಿ ತಗ್ಗಿಸಿದ್ದಾರೆ ಎಂದು ಫೈಟರ್‌ಗಳು 2014ರಲ್ಲಿ ಯುಎಫ್‌ಸಿ ಮೇಲೆ ಕೇಸ್ ಹಾಕಿದರು. ಹತ್ತು ವರ್ಷ ಎಳೆದು, 37.5 ಕೋಟಿ ಡಾಲರ್‌ಗೆ ರಾಜಿಯಾಯಿತು. 2025ರ ಫೆಬ್ರವರಿಯಲ್ಲಿ ಕೋರ್ಟ್ ಒಪ್ಪಿಗೆ ಕೊಟ್ಟಿತು. 2010ರ ಕೊನೆಯಿಂದ 2017ರ ಮಧ್ಯದವರೆಗೆ ಆಡಿದ ಸಾವಿರಕ್ಕೂ ಹೆಚ್ಚು ಜನಕ್ಕೆ ಅದರಲ್ಲಿ ಪಾಲಿದೆ.  ಕ್ಯಾಲಿಫೋರ್ನಿಯಾ ರಾಜ್ಯ ಮಾತ್ರ 2023ರಲ್ಲಿ ಎಂಎಂಎ ಫೈಟರ್‌ಗಳಿಗಾಗಿ ನಿವೃತ್ತಿ ನಿಧಿಯ ಕಾನೂನು ಮಾಡಿತು. ಆ ರಾಜ್ಯದಲ್ಲಿ ಸಾಕಷ್ಟು ಸುತ್ತು ಆಡಿದವರಿಗೆ ಐವತ್ತು ವರ್ಷದ ಮೇಲೆ ದುಡ್ಡು ಸಿಗುತ್ತದೆ.

ದುಡ್ಡಿಗಿಂತ ದೊಡ್ಡದು ತಲೆ. ತಲೆಬುರುಡೆಯೊಳಗೆ ಮೆದುಳು ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ದವಡೆಗೆ ಗುದ್ದು ಬಿದ್ದಾಗ ತಲೆ ಗಿರ್ರನೆ ತಿರುಗುತ್ತದೆ, ಮೆದುಳು ಹಿಂದುಳಿಯುತ್ತದೆ. ಆ ಎಳೆತಕ್ಕೆ ನರದ ಎಳೆಗಳು ಹಿಗ್ಗುತ್ತವೆ, ಕೆಲವು ಹರಿಯುತ್ತವೆ. ಪ್ರಜ್ಞೆ ತಪ್ಪಿದರೆ ಮಾತ್ರ ಹಾನಿ ಅನ್ನುವುದು ತಪ್ಪು. ದಿನಾ ತರಬೇತಿಯಲ್ಲಿ ಬೀಳುವ ಸಣ್ಣ ಸಣ್ಣ ಗುದ್ದುಗಳೂ ಕೂಡುತ್ತಾ ಹೋಗುತ್ತವೆ. ಇದರಿಂದ ಬರುವ ಸಿಟಿಇ ಎಂಬ ಕಾಯಿಲೆಯನ್ನು ಬದುಕಿರುವಾಗ ಖಚಿತವಾಗಿ ಗುರುತಿಸಲು ಇನ್ನೂ ಸಾಧ್ಯವಾಗಿಲ್ಲ.

ಇಷ್ಟರ ನಡುವೆ ಒಂದು ಸಮಾಧಾನದ ಸುದ್ದಿ ಇದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 2011ರಿಂದ ಬಾಕ್ಸರ್‌ಗಳ, ಎಂಎಂಎ ಫೈಟರ್‌ಗಳ ಮೆದುಳನ್ನು ವರ್ಷ ವರ್ಷ ಪರೀಕ್ಷಿಸುತ್ತಾ ಬಂದಿದ್ದಾರೆ. ಆಟ ಬಿಟ್ಟ 45 ಜನರನ್ನು, ಇನ್ನೂ ಆಡುತ್ತಿದ್ದ 45 ಜನರ ಜೊತೆ ಹೋಲಿಸಿ ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಬಿಟ್ಟವರ ನೆನಪಿನ ಶಕ್ತಿ, ಕೈಚುರುಕು ಸುಧಾರಿಸಿತ್ತು. ನರಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಒಂದು ಪ್ರೋಟೀನ್ ಇಳಿದಿತ್ತು. ಆಡುತ್ತಲೇ ಇದ್ದವರಲ್ಲಿ ಆ ಸುಧಾರಣೆ ಕಾಣಲಿಲ್ಲ. ಸಮಯಕ್ಕೆ ನಿಲ್ಲಿಸಿದರೆ ಮೆದುಳು ಸ್ವಲ್ಪವಾದರೂ ಚೇತರಿಸಿಕೊಳ್ಳುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ನಾನು ಕಂಡಿಲ್ಲ. 32ಕ್ಕೆ ಬಿಟ್ಟ ಖಬೀಬನನ್ನು ಹೇಡಿ ಅಂದವರಿಗೆ ಇದನ್ನು ತೋರಿಸಬೇಕು.

ಈಗ ನಮ್ಮೂರಿಗೆ ಬರುತ್ತೇನೆ. ನಿಲ್ಲಿಸುವುದು ಹೇಗೆ ಅನ್ನುವುದು ಮೈಸೂರಿಗೆ ಹೊಸ ವಿದ್ಯೆಯಲ್ಲ. ವಿಜಯದಶಮಿ ದಿನ ಅರಮನೆಯ ಒಳಾಂಗಣದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಜಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳಿಗೆ ಮುಷ್ಟಿ ಆಯುಧ ತೊಟ್ಟು ಎದುರುಬದುರು ನಿಲ್ಲುತ್ತಾರೆ. ನೋಡುವವರಿಗೆ ಎದೆ ಝಲ್ ಅನ್ನುತ್ತದೆ. ಆದರೆ ಒಬ್ಬನ ತಲೆಯಿಂದ ಒಂದು ಹನಿ ರಕ್ತ ಕಂಡ ಕೂಡಲೇ ಕಾಳಗ ಮುಗಿಯಿತು. ಎಷ್ಟೋ ಸಲ ಒಂದು ನಿಮಿಷವೂ ಹಿಡಿಯುವುದಿಲ್ಲ. ಇನ್ನೊಂದು ಏಟು ಹಾಕಲು ಯಾರಿಗೂ ಬಿಡುವುದಿಲ್ಲ, ಹಿರಿಯ ಜಟ್ಟಿಗಳು ನಡುವೆ ಬರುತ್ತಾರೆ. ಎಲ್ಲಿಗೆ ನಿಲ್ಲಬೇಕು ಎಂಬುದನ್ನು ಆಡುವವನ ಬಿಸಿರಕ್ತಕ್ಕೆ ಬಿಡದೆ ಪಕ್ಕದಲ್ಲಿ ನಿಂತ ಹಿರಿಯನ ಕೈಗೆ ಕೊಟ್ಟಿದ್ದಾರೆ, ಅಲ್ವಾ?

ಆಧುನಿಕ ಎಂಎಂಎಗೂ ರೆಫರಿ ಇದ್ದಾನೆ, ಡಾಕ್ಟರ್ ಇದ್ದಾನೆ. 1993ರಲ್ಲಿ ಡೆನ್ವರ್‌ನಲ್ಲಿ ಶುರುವಾದಾಗ ಹೆಚ್ಚು ಕಡಿಮೆ ನಿಯಮವೇ ಇರಲಿಲ್ಲ. ಈಗ ಅಮೆರಿಕದಲ್ಲಿ ಪ್ರತಿ ರಾಜ್ಯದ ಆಯೋಗ ಲೈಸೆನ್ಸ್ ಕೊಡುತ್ತದೆ. ತಲೆಗೆ ಏಟಾಗಿ ಬಿದ್ದವನನ್ನು ಇಷ್ಟು ದಿನ ಆಡಬಾರದು ಎಂದು ಕೂರಿಸುತ್ತದೆ. ನಮ್ಮ ದೇಶದಲ್ಲಿ ಅಂಥ ಸರ್ಕಾರಿ ಆಯೋಗ ಇಲ್ಲ. ಇವತ್ತು ಒಂದೂರಲ್ಲಿ ಪ್ರಜ್ಞೆ ತಪ್ಪಿದ ಹುಡುಗ ಮುಂದಿನ ವಾರ ಇನ್ನೊಂದೂರಲ್ಲಿ ಆಡಿದರೆ ತಡೆಯುವವರಿಲ್ಲ.

2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಏಟು ಬಿದ್ದು ಮೈಸೂರಿನ ಹುಡುಗನೊಬ್ಬ ತೀರಿಕೊಂಡ. ಜಾಗದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಮನೆಯವರು ಹೇಳಿದರು, ಪೊಲೀಸ್ ಕೇಸಾಯಿತು. ಹೆಸರು ಬರೆದು ಆ ಮನೆಯವರ ನೋವು ಕೆದಕುವುದಿಲ್ಲ. ಆದರೆ ಆ ವಾರ ನಮ್ಮ ಗರಡಿಯಲ್ಲಿ ಯಾರೂ ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿಗೆ, ಇಳಿಯಲಿಲ್ಲ. ಹನುಮಂತನ ಪಟದ ಮುಂದೆ ದೀಪ ಹಚ್ಚಿ ಸುಮ್ನೆ ಕೂತಿದ್ದರು.

ಎಂಎಂಎ ಬೇಡ ಅಂತ ನಾನು ಹೇಳುತ್ತಿಲ್ಲ. ನಾನೂ ರಾತ್ರಿ ಎದ್ದು ಕೂತು ನೋಡುತ್ತೇನೆ. ಉತ್ತರ ಪ್ರದೇಶದ ಪೂಜಾ ತೋಮರ್ 2024ರ ಜೂನ್‌ನಲ್ಲಿ ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದಾಗ ನನ್ನ ಕಣ್ಣು ಒದ್ದೆಯಾಗಿತ್ತು. 2026ರ ಐಚಿ-ನಗೋಯಾ ಏಷ್ಯನ್ ಗೇಮ್ಸ್ ಪಟ್ಟಿಗೂ ಈ ಆಟ ಸೇರಿದೆ. ಪೂಜಾ ಬಂದದ್ದು ಚೀನಾದ ಕಾಳಗ ಕಲೆಯಾದ ವುಶುವಿನಿಂದ, ರಿತು ಫೋಗಟ್ ಬಂದದ್ದು ಕುಸ್ತಿಯಿಂದ. ಇಬ್ಬರಿಗೂ ಎಂಎಂಎಗೆ ಮುಂಚೆ ಒಂದು ಆಟದಲ್ಲಿ ರಾಷ್ಟ್ರ ಮಟ್ಟದ ಹೆಸರಿತ್ತು. ಈ ಮಾತು ನಮ್ಮ ಮನೆಗಳಲ್ಲಿ ಚರ್ಚೆಯಾಗಬೇಕು. ಕುಸ್ತಿಯಲ್ಲಿ ಪದಕ ತಂದವನಿಗೆ ರೈಲ್ವೆ, ಪೊಲೀಸ್, ಸೈನ್ಯದಲ್ಲಿ ಕ್ರೀಡಾ ಕೋಟಾದ ದಾರಿ ಇದೆ. ಮಾಜಿ ಪೈಲ್ವಾನರಿಗೆ ರಾಜ್ಯ ಸರ್ಕಾರದ ಮಾಸಾಶನ ಇದೆ. ಮೊತ್ತ ಸಣ್ಣದು, ಕಚೇರಿಗೆ ಅಲೆದು ಚಪ್ಪಲಿ ಸವೆಯುತ್ತದೆ, ನಿಜ. ಆದರೂ ಒಂದು ಸಾಲು ಅವನ ಹೆಸರಲ್ಲಿದೆ. ಖಾಸಗಿ ಸಂಸ್ಥೆಯ ಪಂದ್ಯದಲ್ಲಿ ಗೆದ್ದ ಬೆಲ್ಟಿಗೆ ಅಷ್ಟೂ ಇಲ್ಲ.

ಮಾಸಾಶನಕ್ಕಿಂತ ಮುಖ್ಯವಾದದ್ದು ಗರಡಿ ಕೊಡುವ ಇನ್ನೊಂದು ಜಾಗ. ನಮ್ಮ ಉಸ್ತಾದರು ಕೊನೆಯ ಬಾರಿ ಆಡಿ ಮೂವತ್ತು ವರ್ಷದ ಮೇಲಾಯಿತು. ಬದುಕಿಗೆ ಹಾಲು ಮಾರಿದರು, ಆಟೋ ಓಡಿಸಿದರು. ಆದರೆ ಬೆಳಗ್ಗೆ ಐದಕ್ಕೆ ಗರಡಿಯ ಬೀಗ ತೆಗೆಯುವವರು ಇವತ್ತಿಗೂ ಅವರೇ. ಮಟ್ಟಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡುವುದು, ಹುಡುಗರ ಭುಜ ಸರಿದರೆ ಕೂರಿಸುವುದು, ಜೋಡಿ ಕಟ್ಟುವ ದಿನ "ಇವ್ನಿಗೆ ಅವ್ನು ಬ್ಯಾಡ, ತೂಕ ಜಾಸ್ತಿ" ಅಂತ ಜಗಳಕ್ಕೆ ನಿಲ್ಲುವುದು ಅವರ ಕೆಲಸ. ಅವರು ನಿವೃತ್ತರಾದರು ಅಂತ ಯಾರೂ ಅಂದುಕೊಂಡಿಲ್ಲ. ಡಾಗೆಸ್ತಾನದ ಆ ಕೆಳಮಹಡಿ ಖಬೀಬನಿಗೆ ಕೊಟ್ಟದ್ದು ಇದನ್ನೇ. ಪೆನ್, ಲಿಡೆಲ್‌ಗೆ ಸಿಗದೆ ಹೋದದ್ದೂ ಇದೇ ಅಂತ ನನಗೆ ಅನ್ನಿಸುತ್ತದೆ.

ಆ ಜಾಗವೇ ಈಗ ಕುಗ್ಗುತ್ತಿದೆ. ಹಳೇ ಮೊಹಲ್ಲಾಗಳಲ್ಲಿ ಎಷ್ಟೋ ಗರಡಿಗಳು ಆಯುಧಪೂಜೆಗೆ ಮಾತ್ರ ಬಾಗಿಲು ತೆಗೆಯುತ್ತವೆ. ರಣಧೀರ ಕಂಠೀರವ ನರಸರಾಜ ಒಡೆಯರ ಹೆಸರಲ್ಲಿ 'ದಸರಾ ಕಂಠೀರವ' ಬಿರುದು ಪ್ರತಿ ವರ್ಷ ಕೊಡುತ್ತೇವೆ. ಆ ಹತ್ತು ದಿನ ಬಿಟ್ಟರೆ ಉಳಿದ ಮುನ್ನೂರೈವತ್ತೈದು ದಿನ ಗರಡಿಯ ಕರೆಂಟ್ ಬಿಲ್ ಕಟ್ಟುವವರು ಯಾರು? ಎಂಎಂಎ ಕಲಿಸುವವರು ಇದೇ ಗರಡಿಗಳ ಜೊತೆ ಕೈ ಸೇರಿಸಬಾರದೇಕೆ? ಬೆಳಗ್ಗೆ ಮಣ್ಣಿನಲ್ಲಿ ಕುಸ್ತಿ, ಸಂಜೆ ಮ್ಯಾಟ್ ಹಾಸಿ ಉಳಿದದ್ದು. ಹುಡುಗನಿಗೆ ತಲೆ ಉಳಿಸುವ ವಿದ್ಯೆ ಸಿಗುತ್ತದೆ, ಹಿಂದೆ ಒಬ್ಬ ಹಿರಿಯ ಇರುತ್ತಾನೆ, ಗರಡಿಗೆ ನಾಲ್ಕು ಕಾಸು ಬರುತ್ತದೆ. ಮೈಸೂರಿನಲ್ಲೂ ಆಗಬಹುದು, ಶ್ರೀರಂಗಪಟ್ಟಣದ ಕಡೆಯ ಹಳ್ಳಿಗಳಲ್ಲೂ ಆಗಬಹುದು.

ಮೊನ್ನೆ ಹುಡುಗ ಮತ್ತೆ ಬಂದಿದ್ದ. ಮುಂದಿನ ತಿಂಗಳು ಬೆಂಗಳೂರಲ್ಲಿ ಅವನ ಮೊದಲ ಪಂದ್ಯವಂತೆ. ಉಸ್ತಾದರ ಕಾಲಿಗೆ ಬಿದ್ದ. ಅವರು ಎಬ್ಬಿಸಿ, ಅವನ ಕಿವಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಮೇಲಂಚು ಆಗಲೇ ಊದಿಕೊಂಡಿತ್ತು.

"ರಕ್ತ ನಿಂತದೆ. ನಾಳೆನೇ ಆಸ್ಪತ್ರೆಗೆ ಹೋಗಿ ತೆಗಿಸ್ಕೊ. ಪಂದ್ಯದ ಜಾಗದಲ್ಲಿ ಡಾಕ್ಟ್ರು ಇರ್ತಾರಾ?"

"ಗೊತ್ತಿಲ್ಲ ಉಸ್ತಾದ್ರೇ."

"ಅಂಬುಲೆನ್ಸು?"

ಹುಡುಗ ತಲೆ ತಗ್ಗಿಸಿದ.

"ಎರಡೂ ಕೇಳ್ಕೊಂಡು ಬಾ ಹೋಗು. ಇದ್ರೆ ನಾನೂ ಬರ್ತೀನಿ, ನಿನ್ ಮೂಲೇಲಿ ನಿಲ್ತೀನಿ."